ಲ್ಯಾಬಿನ ಕಂಪ್ಯೂಟರ್‌ಗಳನ್ನು ‘ಕಂಡಂ’ ಮಾಡುವ ಮೊದಲು: ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ,
ತುಮಕೂರು ಮತ್ತು ಮಧುಗಿರಿ ಶೈಕ್ಷಣಿಕ ಜಿಲ್ಲೆಗಳು

ಪ್ರತಿ: ಎರಡೂ ಜಿಲ್ಲೆಗಳ ಪ್ರೌಢಶಾಲಾ ಮುಖ್ಯಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳ ಮೇಲ್ವಿಚಾರಕರು

ವಿಷಯ: ವಿಂಡೋಸ್ 10 ಬೆಂಬಲ ನಿಂತ ಮೇಲೆ ಹಳೆಯ ಕಂಪ್ಯೂಟರ್‌ಗಳ ಗತಿ

ಮಾನ್ಯರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಅಪ್‌ಡೇಟ್ ನಿಂತಿತು. ಅಂದಿನಿಂದ ಶಾಲೆಗಳ ಹಳೆಯ ಕಂಪ್ಯೂಟರ್ ಬಗ್ಗೆ ಒಂದೇ ಮಾತು: ‘ಇವು ವಿಂಡೋಸ್ 11 ತಗೊಳ್ಳಲ್ಲ, ಕಂಡಂ ಮಾಡಿಬಿಡಿ.’ ಈ ಮಾತು ಕೇಳಿ ದಾಸ್ತಾನು ವಹಿಯಲ್ಲಿ ಕೆಂಪು ಗೆರೆ ಎಳೆಯಬೇಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಪತ್ರ. ಗುಜರಿಗೆ ಹೋಗಬೇಕಾದವು ಇವೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ ವೇಗದ ಡಿಸ್ಕ್), ಒಂದು ಸೆಲ್ಲು, ಒಂದು ಪೆನ್‌ಡ್ರೈವ್ ಇದ್ದರೆ ಇನ್ನೂ ಕೆಲವು ವರ್ಷ ಮಕ್ಕಳ ಕೈಗೆ ಸಿಗುವಂಥವು ಅದಕ್ಕಿಂತ ಹೆಚ್ಚಿವೆ. ಯಾವುದು ಯಾವ ಗುಂಪಿನದು ಎಂದು ಬಿಡಿಸಿ ನೋಡುವ ಕೆಲಸವನ್ನು ಮೊದಲು ಮಾಡಿಸಬೇಕು.

ನಿಂತದ್ದು ಏನು ಎಂಬುದನ್ನು ಸರಿಯಾಗಿ ತಿಳಿಯೋಣ. ಕಂಪ್ಯೂಟರ್ ನಿಲ್ಲಲಿಲ್ಲ, ಕಡತಗಳು ಹೋಗಲಿಲ್ಲ. ವಿಂಡೋಸ್‌ನ ಒಳಗೆ ಹೊಸದಾಗಿ ಕಂಡುಬರುವ ಭದ್ರತಾ ತೂತುಗಳಿಗೆ ತೇಪೆ ಬರುವುದು ನಿಂತಿತು. ಎಡ್ಜ್ ಬ್ರೌಸರಿಗೂ ಡಿಫೆಂಡರ್‌ನ ವೈರಸ್ ಪಟ್ಟಿಗೂ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಪೆನ್‌ಡ್ರೈವ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಓಡಾಡುವ ಶಾಲಾ ಕಚೇರಿಯಲ್ಲಿ ತೇಪೆಯಿಲ್ಲದ ತೂತು ಬಲುಬೇಗ ದೊಡ್ಡದಾಗುತ್ತದೆ. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ದಿನ ಮುಗಿದಿದೆ. ಇದನ್ನು ಗಮನಿಸಿದವರು ಕಡಿಮೆ.

ಮೊದಲು ಪ್ರೊಸೆಸರ್ ಯಾವ ಪೀಳಿಗೆಯದು ನೋಡಿ. ‘ದಿಸ್ ಪಿಸಿ’ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಹೆಸರು ಕಾಣುತ್ತದೆ. ಇಂಟೆಲ್ ಐ3, ಐ5 ಆಗಿದ್ದರೆ ಅಡ್ಡಗೆರೆಯ ನಂತರದ ಸಂಖ್ಯೆ ಓದಿ. ನಾಲ್ಕು ಅಂಕಿ ಇದ್ದರೆ ಮೊದಲ ಅಂಕಿಯೇ ಪೀಳಿಗೆ: ಐ3-4130 ನಾಲ್ಕನೆಯದು, ಐ3-7100 ಏಳನೆಯದು, ಐ5-8400 ಎಂಟನೆಯದು. ಐದು ಅಂಕಿಯಿದ್ದರೆ ಮೊದಲ ಎರಡು: ಐ5-10400 ಹತ್ತನೆಯದು. ಪೆಂಟಿಯಂ, ಸೆಲೆರಾನ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವಕ್ಕೆ ಮೈಕ್ರೋಸಾಫ್ಟ್‌ನ ಉಚಿತ ‘ಪಿಸಿ ಹೆಲ್ತ್ ಚೆಕ್’ ಓಡಿಸಿ ನೋಡಬೇಕು.

ಎಂಟನೆಯ ಪೀಳಿಗೆ ಅಥವಾ ಮೇಲಿನದಾಗಿದ್ದರೆ ವಿಂಡೋಸ್ 11ಕ್ಕೆ ಅರ್ಹತೆ ಇದೆ ಎಂದೇ ಹಿಡಿಯಿರಿ. ಎಎಂಡಿಯಲ್ಲಿ ರೈಜೆನ್ 2000 ಸರಣಿಯಿಂದ. ಆದರೂ ‘ಈ ಕಂಪ್ಯೂಟರಿಗೆ ಆಗದು’ ಎಂಬ ಸಂದೇಶ ಬರುವುದುಂಟು. ಆಗ ಬಹಳ ಸಲ ತೊಂದರೆ ಇರುವುದು ಟಿಪಿಎಂ 2.0 ಎಂಬ ಭದ್ರತಾ ಭಾಗದಲ್ಲಿ. ಅದು ಇಲ್ಲ ಎಂದಲ್ಲ, ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗ್) ಆಫ್ ಆಗಿರುತ್ತದೆ. ಬಯೋಸ್‌ಗೆ ಹೋಗಿ ಇಂಟೆಲ್‌ನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬುದನ್ನು ಆನ್ ಮಾಡಬೇಕು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡೇ ಬಯೋಸ್ ಮುಟ್ಟಿ. ಇನ್ನೊಂದು ಎಚ್ಚರ: ಹಳೆಯ ‘ಲೆಗಸಿ’ ವಿಧಾನದಲ್ಲಿ ವಿಂಡೋಸ್ ಹಾಕಿದ್ದರೆ ಡಿಸ್ಕ್ ಎಂಬಿಆರ್ ಮಾದರಿಯಲ್ಲಿರುತ್ತದೆ. ಅದನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಿಸದೆ ಬಯೋಸ್‌ನಲ್ಲಿ ಯುಇಎಫ್‌ಐ ಎಂಬ ಹೊಸ ವಿಧಾನ ಮಾತ್ರ ಆನ್ ಮಾಡಿದರೆ ಕಂಪ್ಯೂಟರ್ ಏಳುವುದೇ ಇಲ್ಲ, ‘ಕೆಟ್ಟೇ ಹೋಯ್ತು’ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಬಯೋಸ್ ಹಳೆಯ ಸ್ಥಿತಿಗೆ ತಂದರೆ ಮತ್ತೆ ಏಳುತ್ತದೆ. ಬದಲಿಸುವ ಉಪಕರಣ ವಿಂಡೋಸ್ 10ರಲ್ಲೇ ಇದೆ, ಹೆಸರು ಎಂಬಿಆರ್2ಜಿಪಿಟಿ. ಬ್ಯಾಕಪ್ ತೆಗೆದುಕೊಂಡೇ ಓಡಿಸಿ.

ನಾಲ್ಕರಿಂದ ಏಳನೆಯ ಪೀಳಿಗೆಯ ಯಂತ್ರಗಳೇ ಈ ಪತ್ರದ ಮುಖ್ಯ ವಿಚಾರ. ಇವುಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವ ಅಂಗಡಿಗಳಿವೆ. ಹಾಕಿದರೆ ನಡೆಯುತ್ತದೆ ನಿಜ, ಆದರೆ ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ತಾನಾಗಿ ಬರುವುದಿಲ್ಲ. ಅಪ್‌ಡೇಟ್ ಖಂಡಿತ ಕೊಡುತ್ತೇವೆಂದು ಮೈಕ್ರೋಸಾಫ್ಟ್ ಹೇಳುವುದೂ ಇಲ್ಲ. ಅದರ ಜೊತೆಗೆ ‘ಆಕ್ಟಿವೇಟರ್’ ಎಂಬ ಕಳ್ಳ ತಂತ್ರಾಂಶ ಸೇರಿಸಿಕೊಟ್ಟರೆ, ಅದು ಕೆಲಸ ಮಾಡುವುದಕ್ಕೆ ಆಂಟಿವೈರಸ್ಸನ್ನೇ ಆಫ್ ಮಾಡಬೇಕಾಗುತ್ತದೆ. ಮಕ್ಕಳ ಆಧಾರ್ ಸಂಖ್ಯೆ ಇರುವ ಕಂಪ್ಯೂಟರಿಗೆ ಅಂಥದ್ದನ್ನು ದಯವಿಟ್ಟು ಹತ್ತಿರವೂ ಸೇರಿಸಬೇಡಿ.

ತಂತ್ರಾಂಶ ಬದಲಿಸುವ ಮೊದಲು ಯಂತ್ರದ ಆರೋಗ್ಯ ನೋಡಬೇಕು. ‘ಆನ್ ಆಗಲ್ಲ’, ‘ನೆಟ್ ಬರಲ್ಲ’, ‘ತಾನಾಗಿ ಆಫ್ ಆಗುತ್ತೆ’ ಎಂಬ ಕಾರಣಕ್ಕೆ ಮೂಲೆ ಸೇರಿದವುಗಳಲ್ಲಿ ದೋಷ ಸಣ್ಣದಿರುವುದೇ ಹೆಚ್ಚು. ಮದರ್‌ಬೋರ್ಡಿನಲ್ಲಿ ಎಂಟಾಣೆ ನಾಣ್ಯದ ಹಾಗೆ ಕಾಣುವ ಸಿಆರ್2032 ಸೆಲ್ಲು ಇರುತ್ತದೆ, 3 ವೋಲ್ಟ್. ಅದು ಸತ್ತರೆ ಕಂಪ್ಯೂಟರ್ ಪ್ರತಿ ಬಾರಿಯೂ ಎಫ್1 ಒತ್ತು ಎನ್ನುತ್ತದೆ, ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಖು ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಹೊಂದುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳ ದಾಖಲೆಯ ತಾಣ ಸ್ಯಾಟ್ಸ್ ತೆರೆಯುವುದಿಲ್ಲ, ಬ್ಯಾಂಕ್ ತೆರೆಯುವುದಿಲ್ಲ, ಬೈಗುಳ ಇಂಟರ್ನೆಟ್ಟಿಗೆ. ಮಲ್ಟಿಮೀಟರಿನಲ್ಲಿ 2.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಸೆಲ್ಲು ಬದಲಿಸಿ, ಪ್ಲಸ್ ಗುರುತಿನ ಚಪ್ಪಟೆ ಮುಖ ಮೇಲಕ್ಕಿರಲಿ, ಬಯೋಸ್‌ನಲ್ಲಿ ತಾರೀಖು ಸರಿಮಾಡಿ. ಕೈವಾಚಿನ ಅಂಗಡಿಯಲ್ಲೂ ಸಿಗುವ ವಸ್ತು ಅದು.

ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಉಳಿದರೆ, ಬೀಪ್ ಬೀಪ್ ಅಂದರೆ, ರ‍್ಯಾಮ್ ಮೇಲೆ ಅನುಮಾನ ಪಡಿ. ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು ಐದು ಸೆಕೆಂಡ್ ಒತ್ತಿಹಿಡಿದು ಉಳಿದ ಕರೆಂಟನ್ನು ಇಳಿಸಿ. ರ‍್ಯಾಮ್ ಕಡ್ಡಿ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ಬದಿಯ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಶಿರಾ, ಪಾವಗಡದ ಕಡೆ ಬೇಸಿಗೆಯ ದೂಳು ಈ ಸಂದಿಗೆ ಸೇರಿಕೊಳ್ಳುವುದು ಸಾಮಾನ್ಯ. ದೂಳು ತೆಗೆಯಲು ಬ್ಲೋವರ್ ಹಿಡಿದಾಗ ಫ್ಯಾನ್ ರೆಕ್ಕೆ ಬೆರಳಿನಿಂದ ತಡೆದುಕೊಳ್ಳಿ. ಗಾಳಿಗೆ ಜೋರಾಗಿ ತಿರುಗಿದರೆ ಫ್ಯಾನ್ ಹಾಳಾಗುತ್ತದೆ. ಇಪ್ಪತ್ತು ನಿಮಿಷ ಓಡಿ ತಾನೇ ಆರುವ ಯಂತ್ರಕ್ಕೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿರಬಹುದು. ಹಳೆಯದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕಡಲೆಕಾಳಿಗಿಂತ ಚಿಕ್ಕ ಹನಿ ಹೊಸ ಪೇಸ್ಟ್ ಇಟ್ಟರೆ ಸಾಕು.

ಇನ್ನು ಅರ್ತಿಂಗ್. ಇದನ್ನು ಬೇರೆಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾಗಿದೆ. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ‘ಜುಮ್’ ಅನ್ನುತ್ತದೆ ಎಂದು ಮಕ್ಕಳು ಹೇಳಿದರೆ ನಕ್ಕು ಬಿಡಬೇಡಿ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಒದಗಿಸುವ ಭಾಗ) ಒಳಗಿನ ಎರಡು ಸಣ್ಣ ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಡಬ್ಬಕ್ಕೆ ಸೇರಿಸಿರುತ್ತವೆ. ಅರ್ತಿಂಗ್ ಇದ್ದರೆ ಆ ಅಲ್ಪ ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ಡಬ್ಬದ ಮೇಲೆ ನಿಲ್ಲುತ್ತದೆ. ಆ ಜುಮ್ ಪ್ರಾಣ ತೆಗೆಯದು. ಆದರೆ ಅದೇ ಯಂತ್ರದಲ್ಲಿ ನಿಜವಾದ ಸೋರಿಕೆಯಾದ ದಿನ ಕಾಪಾಡುವ ತಂತಿ ಇಲ್ಲ ಎಂಬುದಕ್ಕೆ ಅದು ಸಾಕ್ಷಿ. ಯುಎಸ್‌ಬಿ, ನೆಟ್‌ವರ್ಕ್ ಪೋರ್ಟುಗಳು ಸುಡುವುದಕ್ಕೂ ಇದು ಕಾರಣವಾಗುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಪ್ರತಿ ಸಾಕೆಟ್ಟಿನಲ್ಲೂ ಅಳತೆ ಮಾಡಿಸಿ: ಫೇಸ್-ನ್ಯೂಟ್ರಲ್ ಎಷ್ಟಿದೆಯೋ ಫೇಸ್-ಅರ್ತ್ ಕೂಡ ಹೆಚ್ಚೂಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್-ಅರ್ತ್ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ನಮ್ಮ ಒಣ ಕೆಂಪು ಮಣ್ಣಿನಲ್ಲಿ ಮಾರ್ಚ್ ಬರುವ ಹೊತ್ತಿಗೆ ಅರ್ತ್ ಗುಂಡಿ ಒಣಗುತ್ತದೆ, ಒಣಗಿದ ಗುಂಡಿ ಕರೆಂಟನ್ನು ಎಳೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕುವ ಕೆಲಸವನ್ನು ಯಾರಿಗಾದರೂ ವಹಿಸಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಕಿತ್ತು ಎರಡು ಪಿನ್ ಸಾಕೆಟ್ಟಿಗೆ ಸಿಕ್ಕಿಸುವುದನ್ನು ಯಾವ ಶಾಲೆಯೂ ಒಪ್ಪಬಾರದು.

ಯುಪಿಎಸ್ ಬಗ್ಗೆ ಎರಡೇ ಮಾತು. 600 ವಿಎ ಯುಪಿಎಸ್‌ಗಳಲ್ಲಿ ಇರುವುದು ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ. ಏಪ್ರಿಲ್-ಮೇ ರಜೆಯಲ್ಲಿ ಚಾರ್ಜ್ ಇಲ್ಲದೆ ಬಿಟ್ಟರೆ ಜೂನ್‌ಗೆ ಸತ್ತಿರುತ್ತದೆ, ಹದಿನೈದು ದಿನಕ್ಕೊಮ್ಮೆ ಕೆಲವು ಗಂಟೆ ಆನ್ ಮಾಡಿಡಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ, ಅದರ ಹೀಟರ್ ಎಳೆಯುವ ಕರೆಂಟು ಈ ಸಣ್ಣ ಯುಪಿಎಸ್‌ಗೆ ತಾಳದು.

ಹಳೆಯ ಕಂಪ್ಯೂಟರ್ ನಿಧಾನ ಎನ್ನುವುದು ಬಹಳ ಮಟ್ಟಿಗೆ ಹಾರ್ಡ್ ಡಿಸ್ಕಿನ ನಿಧಾನ. 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೆ ಅದೇ ನಾಲ್ಕನೆಯ ಪೀಳಿಗೆಯ ಐ3 ಅರ್ಧ ನಿಮಿಷದೊಳಗೆ ಏಳುತ್ತದೆ. ಹಳೆಯ ಡಿಸ್ಕಿನ ಕೇಬಲ್ಲೇ ಇದಕ್ಕೂ ಆಗುತ್ತದೆ, ಕೂರಿಸಲು ಒಂದು ಸಣ್ಣ ಬ್ರಾಕೆಟ್ ಸಾಕು. ಡಿಸ್ಕ್ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದೆ ಎಂಬ ಭಯ ಬೇಡ, ಡಿಜಿಟಲ್ ಲೈಸೆನ್ಸ್ ಅಂಟಿಕೊಂಡಿರುವುದು ಮದರ್‌ಬೋರ್ಡಿಗೆ. ನಕಲು ಮಾಡುವ ಮೊದಲು ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ದಲ್ಲಿ ಹಳೆಯ ಡಿಸ್ಕಿನ ಸ್ಥಿತಿ ನೋಡಿ. ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸೊನ್ನೆಯಲ್ಲದಿದ್ದರೆ ಡಿಸ್ಕ್ ಸಾಯುವ ಹಾದಿಯಲ್ಲಿದೆ, ಮೊದಲು ಮುಖ್ಯ ಕಡತಗಳನ್ನು ಬೇರೆಡೆ ಉಳಿಸಿ. ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿದರೆ ಒಳ್ಳೆಯದು. ನಾಲ್ಕನೆಯ ಪೀಳಿಗೆಗೆ ಡಿಡಿಆರ್3, ಏಳನೆಯದಕ್ಕೆ ಬಹುಪಾಲು ಡಿಡಿಆರ್4. ಹಲ್ಲುಗಳ ನಡುವಿನ ಕಚ್ಚು ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದಕ್ಕೆ ಕೂರುವುದಿಲ್ಲ, ಹಳೆಯ ಕಡ್ಡಿಯನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ಕಾರಣ ಹಣ ಸಾಲದಿದ್ದರೆ ಎಸ್‌ಎಸ್‌ಡಿಗೇ ಮೊದಲ ಸ್ಥಾನ ಕೊಡಿ. ಪೂರ್ತಿ ಕೆಟ್ಟ ಯಂತ್ರಗಳ ರ‍್ಯಾಮ್ ತೆಗೆದು ಚೆನ್ನಾಗಿರುವವಕ್ಕೆ ಹಾಕುವುದಕ್ಕೆ ಖರ್ಚೇ ಇಲ್ಲ. ಕೋರ್ 2 ಡ್ಯುಯೋ, 2 ಜಿಬಿ ಕಾಲದವಕ್ಕೆ ಮಾತ್ರ ದುಡ್ಡು ಹಾಕಬೇಡಿ. ಅವು ನಿಜವಾಗಿಯೂ ದುಡಿದು ಮುಗಿಸಿವೆ.

ಹೀಗೆ ಸಜ್ಜಾದ ಲ್ಯಾಬ್ ಯಂತ್ರಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿವೆ, ಹಾಗಾಗಿ ಇದು ಪ್ರಯೋಗವೇನಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ. ಸ್ಟಾರ್ಟ್ ಮೆನು ಇರುವ ಜಾಗವೂ ಹೆಚ್ಚು ಬದಲಾಗುವುದಿಲ್ಲ, 2029ರ ಏಪ್ರಿಲ್‌ವರೆಗೆ ಭದ್ರತಾ ಅಪ್‌ಡೇಟ್ ಉಚಿತ. ಅಧಿಕೃತ ತಾಣದಿಂದ ಐಎಸ್‌ಒ ಕಡತ ಇಳಿಸಿಕೊಂಡು 8 ಜಿಬಿ ಪೆನ್‌ಡ್ರೈವಿಗೆ ‘ರೂಫಸ್’ ಬಳಸಿ ಬರೆಯಿರಿ. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಕಂಪ್ಯೂಟರ್ ಆನ್ ಮಾಡುತ್ತಲೇ ಡೆಲ್, ಏಸರ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ತಕ್ಷಣ ಇನ್‌ಸ್ಟಾಲ್ ಮಾಡಬೇಡಿ. ಪೆನ್‌ಡ್ರೈವಿನಿಂದಲೇ ಅದು ಓಡುತ್ತದೆ. ಶಬ್ದ, ನೆಟ್, ಪ್ರೊಜೆಕ್ಟರ್, ಪ್ರಿಂಟರ್ ನಾಲ್ಕನ್ನೂ ಪರೀಕ್ಷಿಸಿ, ಎಲ್ಲ ಸರಿ ಇದ್ದರೆ ಮಾತ್ರ ಮುಂದುವರಿಯಿರಿ. ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಒತ್ತುವ ಮೊದಲು ಸರಿಯಾದ ಡಿಸ್ಕನ್ನೇ ಆರಿಸಿದ್ದೀರಾ ಎಂದು ಎರಡು ಬಾರಿ ನೋಡಿ. ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್ ಪ್ರಯೋಗಗಳು, ಬರೆಯಲು ಲಿಬ್ರೆಆಫೀಸ್, ಎಲ್ಲವೂ ಉಚಿತ. ನೆಟ್ ಸಿಗದ ಹಳ್ಳಿ ಶಾಲೆಗಳಿಗೆ ‘ಕಿವಿಕ್ಸ್’ ಹಾಕಿದರೆ ಕನ್ನಡ ವಿಕಿಪೀಡಿಯ ಇಡಿಯಾಗಿ ಡಿಸ್ಕಿನಲ್ಲೇ ಕೂರುತ್ತದೆ. ಇದೊಂದಕ್ಕಾದರೂ ಲ್ಯಾಬ್ ಉಳಿಸಿಕೊಳ್ಳಬೇಕು.

ಮೇಷ್ಟ್ರುಗಳ ಮೊದಲ ಪ್ರಶ್ನೆ ‘ಅದರಲ್ಲಿ ಕನ್ನಡ ಬರುತ್ತಾ?’ ಎಂಬುದು. ಚೆನ್ನಾಗಿ ಬರುತ್ತದೆ. ಇನ್‌ಪುಟ್ ಮೆಥಡ್ ಸೆಟ್ಟಿಂಗಿನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಎರಡು ಭಾಗ ಹಾಕಿ ಕನ್ನಡದ ‘ಕೆಜಿಪಿ’ ಸೇರಿಸಿ. ಅದು ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿರುವ ಅದೇ ಕೀಲಿಮಣೆ. ಒತ್ತಕ್ಷರಕ್ಕೆ ಅದೇ ‘ಎಫ್’ ಕೀಲಿ, ಬೆರಳು ಹೊಸದೇನನ್ನೂ ಕಲಿಯಬೇಕಿಲ್ಲ. ಅಕ್ಷರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಇದೆ, ಕೈಬರಹದಂತಿರುವ ‘ನವಿಲು’ ಇದೆ, ‘ಗುಬ್ಬಿ’ ಎಂಬ ಮುಕ್ತ ಫಾಂಟೂ ಇದೆ. ಹೆಸರು ಕೇಳಿದ ಮಕ್ಕಳಿಗೆ ನಮ್ಮ ತಾಲ್ಲೂಕು ನೆನಪಾದರೆ ಸಂತೋಷವೇ. ಕಷ್ಟ ಬರುವುದು ಹಳೆಯ ಕಡತಗಳಲ್ಲಿ. ನುಡಿಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಏಕೆಂದರೆ ಕಡತದ ಒಳಗೆ ಇರುವುದೇ ಆ ಅಕ್ಷರಗಳು. ಕನ್ನಡ ಕಾಣಿಸುತ್ತಿದ್ದದ್ದು ಫಾಂಟು. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು, ದೀರ್ಘ, ಅಂಕಿಗಳನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಅಲ್ಲಿಯೇ. ಯೂನಿಕೋಡ್‌ಗೆ ಬಂದರೆ ಕಡತದೊಳಗೆ ಹುಡುಕಲೂ ಬರುತ್ತದೆ, ಮೊಬೈಲಿನಲ್ಲೂ ಓದಬಹುದು.

ಲಿನಕ್ಸ್ ಹಾಕಬಾರದ ಕಡೆಯನ್ನೂ ಹೇಳಿಬಿಡಬೇಕು. ಮುಖ್ಯಶಿಕ್ಷಕರ ಡಿಜಿಟಲ್ ಸಹಿಯ ಟೋಕನ್ ಬಳಸುವ, ಬೆರಳಚ್ಚು ಯಂತ್ರ ಜೋಡಿಸಿದ ಕಂಪ್ಯೂಟರ್ ವಿಂಡೋಸ್‌ನಲ್ಲೇ ಇರಲಿ. ಕಚೇರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿಗೆ ಲಿನಕ್ಸ್‌ನಲ್ಲಿ ಡ್ರೈವರ್ ಕೂರಿಸುವುದು ತಲೆನೋವು, ಅದನ್ನೂ ಆ ವಿಂಡೋಸ್ ಯಂತ್ರಕ್ಕೇ ಬಿಡಿ. ಎಚ್‌ಪಿ ಲೇಸರ್‌ಜೆಟ್ 1020 ನಡೆಯುತ್ತದೆ, ಆದರೆ ನೆಟ್ ಇರುವಾಗ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು.

ಆ ಒಂದು ಕಚೇರಿ ಕಂಪ್ಯೂಟರ್ ಹಳೆಯ ಪೀಳಿಗೆಯದಾದರೆ ವಿಸ್ತರಿತ ಭದ್ರತಾ ಅಪ್‌ಡೇಟ್, ಅಂದರೆ ಇಎಸ್‌ಯು, ಪಡೆಯಬಹುದು. ಶಿಕ್ಷಣ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ನಿಗದಿ ಮಾಡಿರುವ ದರ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4. ಆದರೆ ಇದು ಸಿಗುವುದು ವಾಲ್ಯೂಮ್ ಲೈಸೆನ್ಸಿಂಗ್ (ಸಂಸ್ಥೆಗಳು ಒಟ್ಟಾಗಿ ಪಡೆಯುವ ಪರವಾನಗಿ) ಮೂಲಕ, ಬಿಡಿ ಶಾಲೆಯ ಕೈಗೆಟಕುವ ದಾರಿ ಅಲ್ಲ. ಅದಕ್ಕೇ ಇದು ತಮ್ಮ ಮಟ್ಟದಲ್ಲಿ ಆಗಬೇಕು. ತಡವಾಗಿ ಸೇರಿದರೂ ಹಿಂದಿನ ವರ್ಷದ ಹಣ ಕಟ್ಟಲೇಬೇಕಾಗುತ್ತದೆ. ಶಿಕ್ಷಕರ ಮನೆಯ ಸ್ವಂತ ಕಂಪ್ಯೂಟರಿಗೆ ಬೇರೆ ದಾರಿ ಇದೆ: ಆವೃತ್ತಿ 22ಎಚ್2 ಆಗಿರಬೇಕು, ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ‘ಎನ್‌ರೋಲ್ ನೌ’ ಒತ್ತಿ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್ ಬ್ಯಾಕಪ್‌ಗೆ ಒಪ್ಪಿಗೆ ಕೊಟ್ಟರೆ 2026ರ ಅಕ್ಟೋಬರ್ 13ರವರೆಗೆ ಹಣವಿಲ್ಲದೆ ಅಪ್‌ಡೇಟ್ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಹರಾಜಿಗೆ ಹೋಗುವ ಯಂತ್ರಗಳಿರುತ್ತವೆ. ಅವುಗಳ ಡಿಸ್ಕಿನಲ್ಲಿ ಮಕ್ಕಳ ಜಾತಿ ಪ್ರಮಾಣಪತ್ರ, ಆಧಾರ್, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ, ತಂದೆ-ತಾಯಿಯ ಮೊಬೈಲ್ ಸಂಖ್ಯೆ ಇದೆ. ಡಿಲೀಟ್ ಒತ್ತಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ವಿಷಯಸೂಚಿ ಮಾತ್ರ. ಪುಟಗಳು ಹಾಗೇ ಇರುತ್ತವೆ, ಉಚಿತ ತಂತ್ರಾಂಶದಿಂದ ಯಾರು ಬೇಕಾದರೂ ಹೊರತೆಗೆಯಬಹುದು. ವಿಂಡೋಸ್ 10ರಲ್ಲಿ ‘ರೀಸೆಟ್ ದಿಸ್ ಪಿಸಿ’, ‘ರಿಮೂವ್ ಎವೆರಿಥಿಂಗ್’, ಆಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ‘ಕ್ಲೀನ್ ಡೇಟಾ’ ಆನ್ ಮಾಡಿ ನಡೆಸಬೇಕು. 500 ಜಿಬಿ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ, ಕರೆಂಟ್ ಹೋಗದ ದಿನ ನೋಡಿಕೊಳ್ಳಿ. ಏಳದ ಡಿಸ್ಕನ್ನು ಯಂತ್ರದಿಂದ ಕಳಚಿ, ಒಳಗಿನ ತಟ್ಟೆಗಳನ್ನು ದಾಟುವಂತೆ ಡ್ರಿಲ್ಲಿನಿಂದ ಮೂರು ನಾಲ್ಕು ತೂತು ಹಾಕಿಸಿ. ಕೆಲಸ ಮಾಡುವವರ ಕಣ್ಣಿಗೆ ಕನ್ನಡಕ ಇರಲಿ. ಉಳಿದ ಡಬ್ಬಗಳು ತೂಕದ ಲೆಕ್ಕದಲ್ಲಿ ಬೀದಿಯ ಗುಜರಿಗೆ ಹೋಗಬಾರದು. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ನೋಂದಾಯಿತ ಮರುಬಳಕೆದಾರರಿಗೇ ಕೊಡಬೇಕು.

ತಮ್ಮಿಂದ ಕೇಳುವುದು ಇಷ್ಟು. ವಿಲೇವಾರಿ ಆದೇಶಕ್ಕೆ ಮೊದಲು ಪ್ರತಿ ಶಾಲೆಯಿಂದ ಒಂದು ಹಾಳೆಯ ಪಟ್ಟಿ ತರಿಸಿ: ಪ್ರೊಸೆಸರ್ ಸಂಖ್ಯೆ, ರ‍್ಯಾಮ್ ಎಷ್ಟು ಮತ್ತು ಯಾವ ಬಗೆ, ಡಿಸ್ಕಿನ ಸ್ಥಿತಿ, ಏಳುತ್ತದೆಯೋ ಇಲ್ಲವೋ, ಅರ್ತಿಂಗ್ ಅಳತೆ. ತಾಲ್ಲೂಕಿನ ಐಟಿಐ, ಪಾಲಿಟೆಕ್ನಿಕ್‌ಗಳ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ವಿಭಾಗಗಳನ್ನು ಈ ಕೆಲಸಕ್ಕೆ ಕೇಳಿ. ವಿದ್ಯಾರ್ಥಿಗಳಿಗೂ ಕೈಕೆಲಸದ ಪಾಠವಾಗುತ್ತದೆ. ಪಟ್ಟಿ ಬಂದ ಮೇಲೆ ಎಸ್‌ಎಸ್‌ಡಿ, ಸೆಲ್ಲು, ಪೇಸ್ಟ್‌ಗಳನ್ನು ಒಟ್ಟಾಗಿ ಖರೀದಿಸಿ. ಪ್ರತಿ ತಾಲ್ಲೂಕಿಗೆ ಪರೀಕ್ಷಿಸಿದ ಎರಡು ಮಿಂಟ್ ಪೆನ್‌ಡ್ರೈವ್ ಬಿಇಒ ಕಚೇರಿಯಲ್ಲಿ ಇರಲಿ. ಡಿಸ್ಕ್ ಅಳಿಸಿದ ದಾಖಲೆಯಿಲ್ಲದೆ ಯಾವ ಯಂತ್ರವೂ ಶಾಲೆಯ ಗೇಟು ದಾಟಬಾರದು ಎಂದು ಸುತ್ತೋಲೆಯಲ್ಲೇ ಬರೆಯಿಸಿ.

ಇದಕ್ಕೆ ಬೇಸಿಗೆ ರಜೆಯೇ ತಕ್ಕ ಸಮಯ. ಲ್ಯಾಬ್ ಖಾಲಿ ಇರುತ್ತದೆ, ಒಂದು ಪೆನ್‌ಡ್ರೈವಿನಿಂದ ಒಂದು ಯಂತ್ರಕ್ಕೆ ಅರ್ಧ ಗಂಟೆ ಹಿಡಿದರೂ ಹತ್ತು ಕಂಪ್ಯೂಟರಿನ ಲ್ಯಾಬ್ ಒಂದೇ ದಿನದಲ್ಲಿ ಮುಗಿಯುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಕಂಪ್ಯೂಟರ್ ದುರಸ್ತಿ ಮತ್ತು ಶಾಲಾ ಲ್ಯಾಬ್ ಕೆಲಸ ಬಲ್ಲ ಕೆಲವರು
ತುಮಕೂರು